ವಯಸ್ಸಾದ ಫಾರ್ವರ್ಡ್: ಆಡಿಸಬೇಕೆ, ಬೆಂಚಿನಲ್ಲಿ ಕೂರಿಸಬೇಕೆ, ಬಿಟ್ಟುಕೊಡಬೇಕೆ?

ಬೆಂಗಳೂರಿನ ಕಂಠೀರವದಲ್ಲಿ ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ಗೇಟಿನ ಹೊರಗೆ ಕಾಫಿ ಹಿಡಿದು ನಿಂತರೆ ಒಂದು ವಾದ ತಪ್ಪದೆ ಕಿವಿಗೆ ಬೀಳುತ್ತದೆ. “ಇನ್ನೂ ಅವರೇ ಗೋಲು ಹೊಡೀಬೇಕಾ? ಹುಡುಗರು ಯಾವಾಗ ಬೆಳೆಯೋದು?” ಅಂತ ಒಬ್ಬರು. “ಅವರು ಇಲ್ಲದಿದ್ರೆ ಇವತ್ತು ಗೆಲ್ತಿದ್ವಾ?” ಅಂತ ಇನ್ನೊಬ್ಬರು. ಯಾರ ಬಗ್ಗೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ವರ್ಷವೇ ಬಂದು ಸೇರಿದ ಫಾರ್ವರ್ಡ್ (ಮುಂದೆ ನಿಂತು ಗೋಲು ಹೊಡೆಯುವ ಆಟಗಾರ) ಸುನಿಲ್ ಚೆಟ್ರಿ 2024ರ ಆಗಸ್ಟ್‌ನಲ್ಲಿ ನಲವತ್ತು ದಾಟಿದರು. ಅದಾದ ನಾಲ್ಕು ತಿಂಗಳಿಗೆ, ಡಿಸೆಂಬರ್ 7ರಂದು, ಇದೇ ಮೈದಾನದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಆ ರಾತ್ರಿಯೂ ವಾದ ನಿಲ್ಲಲಿಲ್ಲ, ಇನ್ನಷ್ಟು ಬಿಸಿಯಾಯಿತು.

ನಾನು ಎರಡೂ ಕಡೆ ನಿಂತು ವಾದಿಸಿದ್ದೇನೆ. ನಾವು ಕೇಳುವ ಪ್ರಶ್ನೆಯಲ್ಲೇ ತಪ್ಪಿದೆ ಎಂದು ಈಚೆಗೆ ಅನಿಸತೊಡಗಿದೆ. “ಬೇಕೋ, ಬೇಡವೋ” ಎಂದು ಕೇಳಿದರೆ ಉತ್ತರ ಅಭಿಮಾನದಿಂದಲೋ ಬೇಸರದಿಂದಲೋ ಬರುತ್ತದೆ. “ಎಷ್ಟು ನಿಮಿಷಕ್ಕೆ ಬೇಕು, ಯಾರ ಜಾಗದಲ್ಲಿ ಬೇಕು” ಎಂದು ಕೇಳಿದರೆ ಲೆಕ್ಕ ಶುರುವಾಗುತ್ತದೆ. ಆ ಲೆಕ್ಕ ಹೇಗೆ ಹಾಕುವುದು, ತಂಡದ ಮುಂದಿರುವ ದಾರಿಗಳು ಯಾವುವು, ಆ ದಾರಿಯಲ್ಲಿ ಹೋದವರಿಗೆ ಏನಾಯಿತು ಎಂಬುದನ್ನು ಇಲ್ಲಿ ಹರಡಿ ಇಡುತ್ತೇನೆ. ಆಯ್ಕೆ ನಿಮ್ಮದು.

ಮೊದಲು ಅಳತೆಗೋಲು

ಗೋಲಿನ ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ. ನೋಡಲೇಬೇಕು, ಆದರೆ ಪೆನಾಲ್ಟಿಗಳನ್ನು ಪಕ್ಕಕ್ಕಿಟ್ಟು ನೋಡಿ. ಒಳ್ಳೆಯ ಒದೆತಗಾರ ಯಾರೇ ಆದರೂ ನಾಲ್ಕು ಪೆನಾಲ್ಟಿಯಲ್ಲಿ ಮೂರನ್ನು ಗೋಲಾಗಿಸುತ್ತಾನೆ. ಅದಕ್ಕಾಗಿಯೇ ಒಬ್ಬರನ್ನು ತೊಂಬತ್ತು ನಿಮಿಷ ಮೈದಾನದಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ.

ಅದಕ್ಕಿಂತ ಮುಖ್ಯವಾದ ಅಳತೆ, ತಂಡ ಒಟ್ಟಾರೆ ಎಷ್ಟು ಗೋಲು ಹೊಡೆಯುತ್ತಿದೆ ಎಂಬುದು. ಫಾರ್ವರ್ಡ್ ಹದಿನೆಂಟು ಗೋಲು ಹೊಡೆದ ವರ್ಷ ತಂಡದ ಗೋಲುಗಳು ಕಡಿಮೆಯಾಗಿದ್ದರೆ, ಆ ಹದಿನೆಂಟಕ್ಕೆ ಉಳಿದವರು ಬೆಲೆ ತೆತ್ತಿದ್ದಾರೆ ಎಂದು ಅನುಮಾನಿಸಬೇಕು.

ಮೂರನೆಯದು ಚೆಂಡು ಇಲ್ಲದಾಗಿನ ಓಟ. ಈಗಿನ ಫುಟ್‌ಬಾಲ್‌ನಲ್ಲಿ ರಕ್ಷಣೆ ಶುರುವಾಗುವುದೇ ಫಾರ್ವರ್ಡ್‌ನಿಂದ. ಎದುರಾಳಿ ಡಿಫೆಂಡರ್ ಚೆಂಡು ಹಿಡಿದ ಕೂಡಲೇ ಮೇಲೆ ಬಿದ್ದು ಒತ್ತಡ ಹಾಕುವುದು, ಅದು ವ್ಯರ್ಥವಾದರೆ ಮತ್ತೆ ಓಡುವುದು. ವಯಸ್ಸು ಮೊದಲು ಕೈ ಹಾಕುವುದು ಇಲ್ಲಿಗೇ. ಒಂದು ಓಟದ ವೇಗ ಹಾಗೆಯೇ ಇರಬಹುದು, ಅದರ ಬೆನ್ನಿಗೆ ಎರಡನೆಯ, ಮೂರನೆಯ ಓಟಕ್ಕೆ ಕಾಲು ಬರುವುದಿಲ್ಲ. ಗೋಲಿನ ಮುಂದಿನ ಬಾಕ್ಸಿನೊಳಗೆ ಎಲ್ಲಿ ನಿಲ್ಲಬೇಕು, ಯಾವ ಕ್ಷಣಕ್ಕೆ ಜಿಗಿಯಬೇಕು ಎಂಬ ತಿಳಿವು ಮಾತ್ರ ತಲೆಯದ್ದು, ಅದು ಬೇಗ ಹೋಗುವುದಿಲ್ಲ. ಹಿರಿಯ ಫಾರ್ವರ್ಡ್‌ನ ಬೆಲೆ ಕಟ್ಟುವುದು ಕಷ್ಟವಾಗಿರುವುದು ಇದರಿಂದಲೇ: ಕಣ್ಣಿಗೆ ಕಾಣುವ ಭಾಗ ಉಳಿದಿರುತ್ತದೆ, ಕಾಣದ ಭಾಗ ಸವೆದಿರುತ್ತದೆ.

ಇನ್ನೆರಡನ್ನು ಬೇಗ ಹೇಳಿ ಮುಗಿಸುತ್ತೇನೆ. ಪಂದ್ಯಗಳ ನಡುವೆ ಎಷ್ಟು ದಿನ ಬಿಡುವಿದೆ? ಒಪ್ಪಂದ ಎಷ್ಟು ವರ್ಷದ್ದು? ಮೂವತ್ತೈದು ದಾಟಿದವರನ್ನು ಮರುಮಾರಾಟ ಮಾಡಿ ಹಣ ವಾಪಸು ಪಡೆಯುವ ಆಸೆ ಬೇಡ. ಕೊಟ್ಟಿದ್ದೆಲ್ಲ ಈ ವರ್ಷದ ಖರ್ಚು ಎಂದೇ ಬರೆದುಕೊಳ್ಳಬೇಕು.

ಅವರ ಸುತ್ತಲೇ ತಂಡ ಕಟ್ಟುವ ದಾರಿ

ದುಬಾರಿಯಾದದ್ದು, ಆಕರ್ಷಕವಾದದ್ದು, ಅತಿ ಹೆಚ್ಚು ಜಾರುವುದೂ ಇದೇ.

ಕ್ರಿಸ್ಟಿಯಾನೊ ರೊನಾಲ್ಡೊ 2018ರಲ್ಲಿ ಮೂವತ್ತಮೂರನೇ ವಯಸ್ಸಿನಲ್ಲಿ ಇಟಲಿಯ ಯುವೆಂಟಸ್ ಸೇರಿದಾಗ ಕ್ಲಬ್ ಸುಮಾರು 10 ಕೋಟಿ ಯೂರೊ ಕೊಟ್ಟಿತು. ಅವರು 134 ಪಂದ್ಯಗಳಲ್ಲಿ 101 ಗೋಲು ಹೊಡೆದರು, ಮಾತು ಉಳಿಸಿಕೊಂಡರು. ಆದರೆ ಅವರು ಬರುವ ಮುಂಚಿನ ವರ್ಷ ಲೀಗ್‌ನಲ್ಲಿ 86 ಗೋಲು ಹೊಡೆದಿದ್ದ ತಂಡ ಅವರು ಬಂದ ವರ್ಷ ಹೊಡೆದದ್ದು 70. ಮೊದಲ ಎರಡು ವರ್ಷ ಲೀಗ್ ಗೆದ್ದರು, ಮೂರನೆಯ ವರ್ಷ ನಾಲ್ಕನೇ ಸ್ಥಾನಕ್ಕೆ ಇಳಿದರು. ಯಾವುದಕ್ಕಾಗಿ ಅವರನ್ನು ತಂದರೋ ಆ ಚಾಂಪಿಯನ್ಸ್ ಲೀಗ್‌ನಲ್ಲಿ ಕ್ವಾರ್ಟರ್ ಫೈನಲ್ ದಾಟಲಾಗಲಿಲ್ಲ.

ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಇದೇ ಚಿತ್ರ ಇನ್ನಷ್ಟು ನಿಚ್ಚಳ. 2020–21ರಲ್ಲಿ ತಂಡ 73 ಗೋಲು, 74 ಅಂಕಗಳೊಂದಿಗೆ ಎರಡನೇ ಸ್ಥಾನ. ರೊನಾಲ್ಡೊ ಮರಳಿ ಬಂದ 2021–22ರಲ್ಲಿ ಅವರೊಬ್ಬರೇ ಲೀಗ್‌ನಲ್ಲಿ 18 ಗೋಲು ಹೊಡೆದರು, ತಂಡ ಮಾತ್ರ 57 ಗೋಲು, 58 ಅಂಕಕ್ಕೆ ಕುಸಿದು ಆರನೆಯದಾಯಿತು. ಇದರ ಭಾರವನ್ನೆಲ್ಲ ಅವರ ತಲೆಗೆ ಕಟ್ಟುವುದು ಅನ್ಯಾಯ. ನಡುವೆ ಕೋಚ್ ಬದಲಾದರು, ರಕ್ಷಣೆ ಹಳಿತಪ್ಪಿತ್ತು. ಹಲವು ಪಂದ್ಯಗಳಲ್ಲಿ ತಂಡವನ್ನು ಉಳಿಸಿದ್ದು ಅವರೇ. ಆದರೂ “ಹದಿನೆಂಟು ಗೋಲು ಹೊಡೆದವರನ್ನು ಪ್ರಶ್ನಿಸುವುದೇ?” ಎಂದು ಕೇಳುವವರ ಮುಂದೆ ಈ ಎರಡು ವರ್ಷಗಳ ಲೆಕ್ಕ ಇಡುತ್ತೇನೆ.

ಹಾಗಂತ ಈ ದಾರಿ ಯಾವಾಗಲೂ ತಪ್ಪೆಂದಲ್ಲ. ರಾಬರ್ಟ್ ಲೆವಾಂಡೊವ್‌ಸ್ಕಿ ಬಾರ್ಸಿಲೋನಾ ಸೇರಿದ ಮೊದಲ ವರ್ಷವೇ 23 ಗೋಲು ಹೊಡೆದು ಲೀಗ್‌ನ ಅತಿ ಹೆಚ್ಚು ಗೋಲಿನ ಗೌರವ ಪಡೆದರು, ತಂಡ ಚಾಂಪಿಯನ್ ಆಯಿತು. 2024–25ರಲ್ಲಿ ಮೂವತ್ತಾರರ ವಯಸ್ಸಿನಲ್ಲಿ ಲೀಗ್‌ನಲ್ಲೇ 27 ಗೋಲು, ಮತ್ತೆ ಚಾಂಪಿಯನ್. ವ್ಯತ್ಯಾಸ ಎಲ್ಲಿದೆ? ಅವರ ಎಡಬಲದಲ್ಲಿ ರಫೀನ್ಯಾ, ಲಮೀನ್ ಯಮಾಲ್ ಇದ್ದರು. ಓಡುವ ಕೆಲಸ, ಡಿಫೆಂಡರ್‌ಗಳನ್ನು ಎಳೆದುಕೊಂಡು ಹೋಗುವ ಕೆಲಸವನ್ನು ಆ ಕಾಲುಗಳು ಹೊತ್ತವು. ಲೆವಾಂಡೊವ್‌ಸ್ಕಿಗೆ ಬಾಕ್ಸಿನಲ್ಲಿ ಸರಿಯಾದ ಜಾಗದಲ್ಲಿ ಇರುವುದಷ್ಟೇ ಉಳಿಯಿತು. ನಿಮ್ಮ ತಂಡದಲ್ಲಿ ಅಂಥ ಇಬ್ಬರು ಓಟಗಾರರಿದ್ದರೆ ಮಾತ್ರ ಈ ದಾರಿಗೆ ಹೋಗಿ. ಇಲ್ಲದಿದ್ದರೆ ಹೆಸರು ದೊಡ್ಡದಾದಷ್ಟೂ ಹೊರೆ ದೊಡ್ಡದು.

ಬೆಂಚಿನಿಂದ ಇಳಿಸುವ ದಾರಿ

ನನ್ನ ಒಲವು ಇದರ ಕಡೆಗೆ. ಹಾಗಾಗಿ ಇದರ ತೊಂದರೆಗಳನ್ನೂ ಬಿಡದೆ ಹೇಳುತ್ತೇನೆ.

ಮೊದಲು ಮೂರೇ ಬದಲಿ ಆಟಗಾರರಿಗೆ ಅವಕಾಶವಿತ್ತು. ಗಾಯಕ್ಕೆ ಒಂದು, ರಕ್ಷಣೆಗೆ ಒಂದು ಎಂದು ಎತ್ತಿಟ್ಟರೆ ಕೊನೆಯ ಇಪ್ಪತ್ತು ನಿಮಿಷಕ್ಕೆಂದೇ ಒಬ್ಬ ಹಿರಿಯರನ್ನು ಕೂರಿಸಿಟ್ಟುಕೊಳ್ಳುವುದು ಐಷಾರಾಮವಾಗಿತ್ತು. 2020ರಲ್ಲಿ ಕೋವಿಡ್ ಕಾಲಕ್ಕೆ ಐದು ಬದಲಿಗಳ ನಿಯಮ ಬಂತು, ಮುಂದೆ ಕಾಯಂ ಆಯಿತು. ವಯಸ್ಸಾದ ಫಾರ್ವರ್ಡ್‌ಗಳ ಆಟದ ಆಯುಸ್ಸನ್ನು ಇಷ್ಟು ಹೆಚ್ಚಿಸಿದ ನಿಯಮ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೂರರ ಕಾಲದಲ್ಲೂ, ಅದಕ್ಕೂ ಮುಂಚೆಯೂ ಇದು ನಡೆದಿತ್ತು ಎಂಬುದಕ್ಕೆ ಎಪ್ಪತ್ತು ನಿಮಿಷ ಓಡಿ ದಣಿದ ಡಿಫೆಂಡರ್‌ಗಳ ನಡುವೆ ಇಳಿದು ಬಂದವರ ಕಥೆಗಳಿವೆ. 1990ರ ವಿಶ್ವಕಪ್‌ನಲ್ಲಿ ಎರಡೇ ಬದಲಿಗೆ ಅವಕಾಶವಿದ್ದಾಗ ಕ್ಯಾಮರೂನಿನ ರೋಜರ್ ಮಿಲ್ಲಾ, ವಯಸ್ಸು ಮೂವತ್ತೆಂಟು, ಬದಲಿಯಾಗಿ ಬಂದು ರೊಮೇನಿಯಾ ವಿರುದ್ಧ ಎರಡು, ಕೊಲಂಬಿಯಾ ವಿರುದ್ಧ ಎರಡು ಗೋಲು ಹೊಡೆದರು. ಆಫ್ರಿಕಾದ ತಂಡವೊಂದು ಮೊದಲ ಬಾರಿ ಕ್ವಾರ್ಟರ್ ಫೈನಲ್ ತಲುಪಿತು. 2016ರ ಏಪ್ರಿಲ್‌ನಲ್ಲಿ ರೋಮಾ ತಂಡ ಟೊರಿನೊ ವಿರುದ್ಧ 1–2ರಿಂದ ಹಿಂದಿದ್ದಾಗ ಫ್ರಾನ್ಸೆಸ್ಕೊ ಟೊಟ್ಟಿ 86ನೇ ನಿಮಿಷಕ್ಕೆ ಇಳಿದರು. ಮೂರೇ ನಿಮಿಷದಲ್ಲಿ ಎರಡು ಗೋಲು, ರೋಮಾ 3–2ರಿಂದ ಗೆದ್ದಿತು. ಆಗ ಅವರಿಗೆ ಮೂವತ್ತೊಂಬತ್ತು.

ನಮ್ಮದೇ ಉದಾಹರಣೆ ಇನ್ನೂ ಹಸಿಯಾಗಿದೆ. 2025ರ ಏಪ್ರಿಲ್ 6, ಗೋವಾದ ಫತೋರ್ಡಾ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಎರಡನೆಯದು. ಬೆಂಗಳೂರಿನಲ್ಲಿ 2–0ಯಿಂದ ಗೆದ್ದಿದ್ದೆವು, ಅಲ್ಲಿ ಗೋವಾ ಎರಡು ಗೋಲು ಹೊಡೆದು ಲೆಕ್ಕ ಸಮ ಮಾಡಿತು. ಬದಲಿಯಾಗಿ ಬಂದಿದ್ದ ಚೆಟ್ರಿ ತೊಂಬತ್ತು ನಿಮಿಷ ಮುಗಿದ ಮೇಲಿನ ಹೆಚ್ಚುವರಿ ನಿಮಿಷಗಳಲ್ಲಿ ಹೆಡರ್ ಮೂಲಕ ಗೋಲು ಹೊಡೆದರು, ಒಟ್ಟು 3–2. ಅಷ್ಟು ಹೊತ್ತಿಗೆ ಗೋವಾದ ಡಿಫೆಂಡರ್‌ಗಳ ಕಾಲು ಸೋತಿತ್ತು, ಇವರ ಕಾಲು ತಾಜಾ ಇತ್ತು, ತಲೆಯಂತೂ ಇಪ್ಪತ್ತು ವರ್ಷದ ಅನುಭವದ್ದು. ಟಿವಿ ಮುಂದೆ ನಿಂತು ನಾನು ಕೂಗಿದ್ದು ಇವತ್ತಿಗೂ ಮನೆಯವರಿಗೆ ನೆನಪಿದೆ.

ಈಗ ಇದರ ಕಷ್ಟ. ಜೀವನವಿಡೀ ಮೊದಲ ಹನ್ನೊಂದರಲ್ಲಿ ಇದ್ದವರಿಗೆ ಬೆಂಚು ನೋವು ಕೊಡುತ್ತದೆ. ಅದೇ ಟೊಟ್ಟಿ ಆ ಗೆಲುವಿಗೆ ಎರಡು ತಿಂಗಳ ಹಿಂದೆ ತಮಗೆ ಆಡಲು ಸಿಗುತ್ತಿಲ್ಲ ಎಂದು ಟಿವಿ ಸಂದರ್ಶನದಲ್ಲಿ ಹೇಳಿಕೊಂಡಿದ್ದಕ್ಕೆ ಕೋಚ್ ಸ್ಪಲೆಟ್ಟಿ ಅವರನ್ನು ಪಂದ್ಯದ ತಂಡದಿಂದಲೇ ಮನೆಗೆ ಕಳಿಸಿದ್ದರು, ಊರು ಎರಡು ಪಾಲಾಗಿತ್ತು. ಬೆಂಚಿನ ಮಾತನ್ನು ವರ್ಷದ ಶುರುವಿನಲ್ಲೇ ಎದುರು ಕೂತು ಮುಗಿಸಿಕೊಳ್ಳಬೇಕು. ಅಕ್ಟೋಬರ್‌ನಲ್ಲಿ ಸೋತ ಮೇಲೆ ಹೇಳಿದರೆ ಅದು ಶಿಕ್ಷೆಯಂತೆ ಕೇಳಿಸುತ್ತದೆ. ತಂಡ ಮೊದಲೇ ಎರಡು ಗೋಲಿನಿಂದ ಹಿಂದೆ ಬಿದ್ದರೆ ಈ ಅಸ್ತ್ರ ಕೈಗೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ ಎಂಬುದೂ ನೆನಪಿರಲಿ.

ಮನೆಯ ಹಿರಿಯರಾಗಿ ಇಟ್ಟುಕೊಳ್ಳುವುದು

ಎಸಿ ಮಿಲಾನ್ 2019ರ ಡಿಸೆಂಬರ್‌ನಲ್ಲಿ ಅಟಲಾಂಟಾ ಎದುರು 5–0ಯಿಂದ ಸೋತು ಕೂತಿತ್ತು. ಹೊಸ ವರ್ಷಕ್ಕೆ ಮೂವತ್ತೆಂಟರ ಜ್ಲಾಟನ್ ಇಬ್ರಾಹಿಮೊವಿಚ್ ಬಂದರು. 2020–21ರಲ್ಲಿ ಲೀಗ್‌ನಲ್ಲಿ 15 ಗೋಲು ಹೊಡೆದರು. 2021–22ರಲ್ಲಿ ಮಂಡಿ ಸಹಕರಿಸದೆ ಅವರ ಗೋಲು 8ಕ್ಕೆ ಇಳಿಯಿತು, ಆದರೆ ಆ ವರ್ಷವೇ ಮಿಲಾನ್ 2011ರ ನಂತರ ಮೊದಲ ಬಾರಿ ಚಾಂಪಿಯನ್ ಆಯಿತು. ಹುಡುಗರ ಆ ತಂಡಕ್ಕೆ ತರಬೇತಿಯ ಶಿಸ್ತನ್ನೂ ಗೆಲ್ಲಬಲ್ಲೆವೆಂಬ ನಂಬಿಕೆಯನ್ನೂ ಅವರು ತಂದರು ಎಂದು ಮಿಲಾನ್ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ.

ಇದನ್ನು ಅಳೆಯಲು ಕೋಲು ಇಲ್ಲ, ಹಾಗಾಗಿ ಇದರ ಹೆಸರಿನಲ್ಲಿ ಯಾರನ್ನು ಬೇಕಾದರೂ ಇಟ್ಟುಕೊಳ್ಳಬಹುದು ಎಂಬ ಅಪಾಯವಿದೆ. ಮಿಲಾನ್ ಒಂದು ಜಾಣತನ ಮಾಡಿತ್ತು. ಇಬ್ರಾಹಿಮೊವಿಚ್‌ರ ಕಾಲನ್ನೇ ನಂಬಿಕೊಂಡು ಕೂರದೆ 2021ರಲ್ಲಿ ಚೆಲ್ಸಿಯಿಂದ ಒಲಿವಿಯರ್ ಜಿರೂರನ್ನು ಅಗ್ಗಕ್ಕೆ ತಂದಿತು. ಅವರೂ ಮೂವತ್ನಾಲ್ಕರವರೇ. ಅದೇ ಊರಿನ ಇಂಟರ್ ವಿರುದ್ಧದ ಡರ್ಬಿಯಲ್ಲಿ ಎರಡು, ಕೊನೆಯ ದಿನ ಸಸುವೊಲೊ ವಿರುದ್ಧ ಎರಡು ಗೋಲು ಹೊಡೆದವರು ಅವರು. ಕಡಿಮೆ ಹಣವಿರುವ ಕ್ಲಬ್‌ಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ: ಇಬ್ಬರು ಹಿರಿಯರು ಸೇರಿ ಒಬ್ಬ ಪೂರ್ತಿ ಫಾರ್ವರ್ಡ್ ಆಗಬಹುದು.

ಹೊಸ ವಿದೇಶಿಯನ್ನು ತರುವುದು

ಐಎಸ್‌ಎಲ್‌ನಲ್ಲಿ ಇದೇ ಸುಲಭದ ದಾರಿ, ಎಲ್ಲರೂ ಹಿಡಿದದ್ದೂ ಇದನ್ನೇ. 2014ರಿಂದ 2024–25ರವರೆಗೆ ಅತಿ ಹೆಚ್ಚು ಗೋಲಿನ ಗೋಲ್ಡನ್ ಬೂಟ್ ಒಂದು ಸಲವೂ ಭಾರತೀಯನ ಕಾಲಿಗೆ ಬಂದಿಲ್ಲ. ಗೋವಾಕ್ಕೆ ಕೋರೊ, ಹೈದರಾಬಾದಿಗೆ ಒಗ್ಬೆಚೆ, ನಾರ್ತ್‌ಈಸ್ಟ್‌ಗೆ 23 ಗೋಲು ಹೊಡೆದ ಅಜರಾಯಿ. ಅಂದ ಹಾಗೆ, ಹೈದರಾಬಾದ್ ಚಾಂಪಿಯನ್ ಆದ 2021–22ರಲ್ಲಿ 18 ಗೋಲು ಹೊಡೆದ ಒಗ್ಬೆಚೆಗೂ ಆಗ ಮೂವತ್ತೇಳು ವರ್ಷ. ವಯಸ್ಸಿನ ಮಾತೆತ್ತಿ ನಮ್ಮವರನ್ನು ಕೂರಿಸಿ, ಅದೇ ವಯಸ್ಸಿನ ವಿದೇಶಿಯನ್ನು ತಂದರೆ ಏನು ಉಳಿಸಿದಂತಾಯಿತು ಎಂದು ಕೇಳಲೇಬೇಕು.

ಇಲ್ಲಿ ಬಹಳ ಮಂದಿ ಮರೆಯುವ ಲೆಕ್ಕವೊಂದಿದೆ. ಮೈದಾನದಲ್ಲಿ ಒಮ್ಮೆಗೆ ಇರಬಹುದಾದ ವಿದೇಶಿಯರು ನಾಲ್ಕೇ. ಗೋಲು ಹೊಡೆಯಬಲ್ಲ ಭಾರತೀಯ ಇದ್ದರೆ ಆ ನಾಲ್ಕರಲ್ಲಿ ಒಂದನ್ನು ರಕ್ಷಣೆಗೋ ನಡುಮೈದಾನಕ್ಕೋ ಬಳಸಬಹುದು. 2024–25ರಲ್ಲಿ ಚೆಟ್ರಿ ಹೊಡೆದ 14 ಗೋಲುಗಳ ನಿಜವಾದ ಬೆಲೆ ಇಲ್ಲಿದೆ. ಆ ಋತುವಿನಲ್ಲಿ ಭಾರತೀಯರಲ್ಲಿ ಅವರೇ ಮೊದಲಿಗರು, ಮೂವತ್ಮೂರನೇ ವಯಸ್ಸಿನಲ್ಲಿ 2017–18ರಲ್ಲಿ ಹೊಡೆದಿದ್ದಷ್ಟನ್ನೇ ಮತ್ತೆ ಹೊಡೆದಿದ್ದರು. ಹಿಂದಿನ ವರ್ಷ ಹತ್ತನೇ ಸ್ಥಾನದಲ್ಲಿ ಮುಗಿಸಿದ್ದ ತಂಡ ಫೈನಲ್‌ಗೆ ಹೋಯಿತು, ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಅವಧಿಯಲ್ಲಿ 1–2ರಿಂದ ಸೋತಿತು.

ಹಣವಿದ್ದವರಿಗೂ ಈ ದಾರಿ ಅಗ್ಗವಲ್ಲ. ಬಯರ್ನ್ ಮ್ಯೂನಿಕ್ 2022ರಲ್ಲಿ ಲೆವಾಂಡೊವ್‌ಸ್ಕಿಯನ್ನು ಸುಮಾರು 4.5 ಕೋಟಿ ಯೂರೊಗೆ ಮಾರಿತು. ಮೂವತ್ತಮೂರು ದಾಟಿದವರಿಗೆ ಅದು ಒಳ್ಳೆಯ ಬೆಲೆಯೇ. ಮುಂದಿನ ವರ್ಷ ಲೀಗ್‌ನಲ್ಲಿ ತಂಡದ ಅತಿ ಹೆಚ್ಚು ಗೋಲು ಗ್ನಾಬ್ರಿಯವರ 14. ಕೊನೆಯ ದಿನ ಗೋಲು ಅಂತರದಲ್ಲಿ ಹೇಗೋ ಚಾಂಪಿಯನ್ ಆಯಿತು. ಆಮೇಲೆ ಮೂವತ್ತರ ಹ್ಯಾರಿ ಕೇನ್‌ಗಾಗಿ ಸುಮಾರು 10 ಕೋಟಿ ಯೂರೊ ಸುರಿಯಬೇಕಾಯಿತು. ಕೇನ್ ಮೊದಲ ವರ್ಷವೇ ಲೀಗ್‌ನಲ್ಲಿ 36 ಗೋಲು ಹೊಡೆದರು, ಆದರೂ ಆ ವರ್ಷ ಬಯರ್ನ್‌ಗೆ ಒಂದು ಕಪ್ಪೂ ದಕ್ಕಲಿಲ್ಲ.

ಹುಡುಗನಿಗೆ ಜಾಗ ಬಿಟ್ಟುಕೊಡುವುದು

2022ರ ಡಿಸೆಂಬರ್ 6ರಂದು ಪೋರ್ಚುಗಲ್ ಕೋಚ್ ವಿಶ್ವಕಪ್ ನಾಕೌಟ್‌ನಲ್ಲಿ ಮೂವತ್ತೇಳರ ರೊನಾಲ್ಡೊ ಅವರನ್ನು ಕೂರಿಸಿ ಇಪ್ಪತ್ತೊಂದರ ಗೊನ್ಸಾಲೊ ರಾಮೋಸ್‌ರನ್ನು ಇಳಿಸಿದರು. ರಾಮೋಸ್ ಹ್ಯಾಟ್ರಿಕ್, ಸ್ವಿಟ್ಜರ್‌ಲೆಂಡ್ ವಿರುದ್ಧ 6–1. ಆ ರಾತ್ರಿ ವಾದ ಮುಗಿದೇಹೋಯಿತು ಎಂದುಕೊಂಡೆವು. ನಾಲ್ಕೇ ದಿನಕ್ಕೆ ಮೊರಾಕ್ಕೊ ಎದುರು ಅದೇ ರಾಮೋಸ್ ಗೋಲಿಲ್ಲದೆ ಹೊರಬಂದರು, ಬದಲಿಯಾಗಿ ಬಂದ ರೊನಾಲ್ಡೊಗೂ ಆಗಲಿಲ್ಲ, ಪೋರ್ಚುಗಲ್ 0–1ರಿಂದ ಸೋತಿತು. ಒಂದು ಪಂದ್ಯದಿಂದ ಹುಡುಗನನ್ನೂ ಅಳೆಯಬೇಡಿ, ಹಿರಿಯರನ್ನೂ ಅಳೆಯಬೇಡಿ.

ಭಾರತ ತಂಡದ ಕಥೆ ಇನ್ನೂ ನೋವಿನದು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ 94 ಗೋಲುಗಳೊಂದಿಗೆ ಚೆಟ್ರಿ ವಿದಾಯ ಹೇಳಿದರು. ಆಮೇಲೆ ತಂಡಕ್ಕೆ ಗೆಲುವೇ ದಕ್ಕಲಿಲ್ಲ. 2025ರ ಮಾರ್ಚ್‌ನಲ್ಲಿ ಅವರನ್ನೇ ವಾಪಸು ಕರೆದರು. ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ 3–0, ಅವರದ್ದೂ ಒಂದು ಗೋಲು. ನಾನೂ ಸಂಭ್ರಮಿಸಿದೆ. ಆದರೆ ಅಕ್ಟೋಬರ್ ಹೊತ್ತಿಗೆ ಗೋವಾದಲ್ಲಿ ಸಿಂಗಪುರ ಎದುರು 1–2ರಿಂದ ಸೋತು 2027ರ ಏಷ್ಯಾ ಕಪ್ ಅರ್ಹತೆಯೇ ಕೈತಪ್ಪಿತು. ವಾಪಸು ಕರೆದದ್ದು ಮಾರ್ಚಿನ ಒಂದು ರಾತ್ರಿಗೆ ಪರಿಹಾರವಾಯಿತು, ಮುಂದಿನ ಫಾರ್ವರ್ಡ್ ಯಾರೆಂಬ ಪ್ರಶ್ನೆ ಇದ್ದಲ್ಲೇ ಉಳಿಯಿತು.

ಚೆಟ್ರಿ ತಾವೇ ಬೆಳೆದದ್ದು ಹೇಗೆ ಎಂದು ನೆನೆಯಿರಿ. ತಮಗಿಂತ ಹಿರಿಯ ಫಾರ್ವರ್ಡ್ ಬೈಚುಂಗ್ ಭುಟಿಯಾ ನಿವೃತ್ತರಾಗುವವರೆಗೆ ಕಾದು ಕೂತವರಲ್ಲ. ಭುಟಿಯಾ ನಾಯಕರಾಗಿದ್ದಾಗಲೇ, 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನದ ವಿರುದ್ಧ ಹ್ಯಾಟ್ರಿಕ್ ಹೊಡೆದರು. 2011ರ ಏಷ್ಯಾ ಕಪ್ ಹೊತ್ತಿಗೆ ಭುಟಿಯಾ ಗಾಯಗೊಂಡಿದ್ದರು, ಬಹರೇನ್ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಗೋಲು ಹೊಡೆಯಲು ಇವರು ತಯಾರಿದ್ದರು. ಹಿರಿಯರ ಪಕ್ಕದಲ್ಲಿ ಆಡುತ್ತಾ ಮೂರು ವರ್ಷ ಕಲಿತ ಹುಡುಗನಿಗೂ, ಹಿರಿಯರು ಹೋದ ಮರುದಿನ ಜಾಗಕ್ಕೆ ತಳ್ಳಲ್ಪಟ್ಟ ಹುಡುಗನಿಗೂ ಅಜಗಜಾಂತರ.

ಯಾರಿಗೆ ಯಾವುದು?

ಈ ವರ್ಷವೇ ಕಪ್ ಬೇಕು, ಮೈದಾನದ ಎರಡು ಅಂಚಿನಲ್ಲಿ ಓಡುವ ಇಬ್ಬರಿದ್ದಾರೆ, ಹಣವೂ ಇದೆ ಎಂದಾದರೆ ಹಿರಿಯರನ್ನು ಮೊದಲಿನಿಂದಲೇ ಆಡಿಸಿ, ಅರವತ್ತೈದನೇ ನಿಮಿಷದ ಸುಮಾರಿಗೆ ಹೊರಗೆ ಕರೆಯಿರಿ. ವಾರಕ್ಕೆ ಎರಡು ಪಂದ್ಯವಿದ್ದರೆ ಒಂದರಲ್ಲಿ ಮಾತ್ರ. ಹಣ ಸಾಧಾರಣ, ಹುಡುಗನೊಬ್ಬ ಕಣ್ಣಿಗೆ ಬಿದ್ದಿದ್ದಾನೆ ಎಂದಾದರೆ ಹುಡುಗ ಶುರು ಮಾಡಲಿ, ಹಿರಿಯರು ಮುಗಿಸಲಿ. ಒಪ್ಪಂದ ಒಂದು ವರ್ಷದ್ದು, ಗೋಲಿಗೆ ಅಲ್ಲ, ಆಡಿದ ನಿಮಿಷಕ್ಕೆ ಹೊಂದಿಸಿದ ಸಂಬಳ. ಬೆಂಗಳೂರು ಎಫ್‌ಸಿಯಂಥ ಕ್ಲಬ್‌ಗೆ ನಾನು ಹೇಳುವುದು ಇದನ್ನೇ. ದೇಶದ ತಂಡಕ್ಕೆ ಹೇಳುವುದು ಬೇರೆ. ಅಲ್ಲಿ ಕೊಂಡು ತರಲಾಗದು, ಬೆಳೆಸಲೇಬೇಕು. ಹಾಗಾಗಿ ಎರಡು ಮೂರು ವರ್ಷದ ಸೋಲನ್ನು ತಾಳಿಕೊಂಡಾದರೂ ಹುಡುಗರನ್ನೇ ಇಳಿಸಬೇಕಿತ್ತು ಎಂಬುದು ನನ್ನ ನಿಲುವು, ಮಾಲ್ದೀವ್ಸ್ ವಿರುದ್ಧದ ಆ ಗೋಲನ್ನು ಎಷ್ಟೇ ಪ್ರೀತಿಸಿದರೂ.

ಆಸ್ಟಿನ್ ಟೌನ್, ಗೌತಮಪುರದ ಕಡೆ ಸಣ್ಣ ಕ್ಲಬ್ ನಡೆಸುವವರಿಗೂ, ಭಾನುವಾರ ಟರ್ಫ್ ಬಾಡಿಗೆಗೆ ಹಿಡಿದು ಆಡುವವರಿಗೂ ಇದೇ ಲೆಕ್ಕ, ಅಂಕಿಗಳು ಚಿಕ್ಕವು ಅಷ್ಟೇ. ನಮ್ಮ ಭಾನುವಾರದ ತಂಡದಲ್ಲಿ ನಲವತ್ತು ದಾಟಿದ ಅಣ್ಣ ಒಬ್ಬರಿದ್ದಾರೆ. ಮೊದಲರ್ಧ ಅವರನ್ನು ಗೆರೆಯಾಚೆ ಕೂರಿಸಿ ಎದುರಾಳಿ ಡಿಫೆಂಡರ್‌ಗಳನ್ನು ನೋಡಿಟ್ಟುಕೊಳ್ಳಲು ಹೇಳುತ್ತೇವೆ. ಎರಡನೇ ಅರ್ಧಕ್ಕೆ ಇಳಿಯುವಾಗ ಯಾರ ಎಡಗಾಲು ಸೋತಿದೆ, ಯಾರು ಹಿಂದೆ ತಿರುಗಿ ನೋಡುವುದಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ.

ಇನ್ನೂ ತೀರ್ಮಾನ ಆಗದವರು ಮುಂದಿನ ಪಂದ್ಯಕ್ಕೆ ಹೋದಾಗ ಹೀಗೆ ಮಾಡಿ. ಐವತ್ತರಿಂದ ಅರವತ್ತನೇ ನಿಮಿಷದವರೆಗೆ ಚೆಂಡನ್ನು ಬಿಟ್ಟು ಆ ಒಬ್ಬ ಫಾರ್ವರ್ಡ್‌ನನ್ನೇ ನೋಡಿ. ಚೆಂಡು ಕೈತಪ್ಪಿದಾಗ ಎಷ್ಟು ಸಲ ಓಡಿದರು, ಓಡಿದ ಮೇಲೆ ಎಷ್ಟು ಹೊತ್ತು ಸೊಂಟಕ್ಕೆ ಕೈಯಿಟ್ಟು ನಿಂತರು, ಅವರು ಓಡದ ಜಾಗಕ್ಕೆ ಯಾರು ಓಡಿದರು, ಅಂಚಿನಿಂದ ಚೆಂಡು (ಕ್ರಾಸ್) ಬಂದಾಗ ಬಾಕ್ಸಿನಲ್ಲಿ ಎಲ್ಲಿದ್ದರು. ಮೂರು ಪಂದ್ಯ ಹೀಗೆ ನೋಡಿ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ಕಾಫಿಗೆ ಬನ್ನಿ.